ಹಿಮ ಗ್ಯಾರಂಟಿನಾ?

ಭಾವ ಮೊನ್ನೆ ರಾತ್ರಿ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಪೋಲ್ ಹಾಕಿದರು. 'ಕ್ರಿಸ್‌ಮಸ್ ರಜಕ್ಕೆ ಯೂರೋಪಿನಲ್ಲಿ ಎಲ್ಲಿಗೆ?' ಕೆಳಗೆ ಒಂಬತ್ತು ಊರು. ಒಬ್ಬರಿಗೆ ಒಂದೇ ವೋಟು ಅಂತ ಮಾಡುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಐದು ಜನ ಸೇರಿ ಇಪ್ಪತ್ತೇಳು ವೋಟು ಒತ್ತಿದ್ದರು. ಒಂದೂರೂ ಸೋತಿರಲಿಲ್ಲ. ಭಾವ ಒಬ್ಬರೇ ಏಳು ಊರಿಗೆ ಒತ್ತಿ, ಕೆಳಗೆ ನನ್ನ ಹೆಸರು ಹಿಡಿದು ಕೇಳಿದ್ದರು: 'ಹಿಮ ಗ್ಯಾರಂಟಿನಾ?'

ಫ್ರಾಂಕ್‌ಫರ್ಟ್ ಪಕ್ಕದ ಒಂದು ಸಣ್ಣ ಊರಿನಲ್ಲಿ ನಾನು ಹನ್ನೊಂದು ವರ್ಷದಿಂದ ಇದ್ದೇನೆ. ಅಷ್ಟರಿಂದಲೇ ಹಿಮಕ್ಕೆ ನಾನು ಜವಾಬ್ದಾರ ಎಂದು ಮೈಸೂರಿನಲ್ಲಿ ತೀರ್ಮಾನವಾಗಿದೆ. ಡಿಸೆಂಬರ್ 25ರಂದು ನಮ್ಮ ಮನೆಯ ಮುಂದೆ ಹಿಮ ಬಿದ್ದದ್ದು ನನಗಂತೂ ನೆನಪಿಲ್ಲ. ಬೀಳುವುದು ಮಳೆ. ಅದೂ ಮಲೆನಾಡಿನ ಮಳೆಯ ಹಾಗೆ ಸದ್ದು ಮಾಡಿ, ಸುರಿದು, ಒಂದು ಕಡೆಯಿಂದ ಮುಗಿಸಿಕೊಂಡು ಹೋಗುವ ಮಳೆಯಲ್ಲ. ಸಾಲ ಕೇಳಲು ಬಂದವನು ವಿಷಯವನ್ನೂ ಹೇಳದೆ, ಎದ್ದೂ ಹೋಗದೆ ಕೂತಿರುತ್ತಾನಲ್ಲ, ಆ ಜಾತಿಯದು. ಮಧ್ಯಾಹ್ನ ನಾಲ್ಕೂವರೆಗೆ ಕತ್ತಲು. ಇದನ್ನು ಗ್ರೂಪಿನಲ್ಲಿ ಬರೆದರೆ ಅಕ್ಕ 'ನೀನು ಯಾವಾಗಲೂ ಹೀಗೇ ಕಣೋ' ಅನ್ನುತ್ತಾಳೆ.

ಪ್ರವಾಸಕ್ಕೆ ಊರು ಆರಿಸುವ ಬಗ್ಗೆ ನನ್ನದೊಂದು ಸಿದ್ಧಾಂತವಿದೆ. ಕೊನೆಯಲ್ಲಿ ಹೇಳುತ್ತೇನೆ.

ಒಂಬತ್ತರ ಕಥೆಯನ್ನೂ ಹೇಳುವುದಿಲ್ಲ. ಮಕ್ಕಳಿಗೆ ಬೇಕಾದದ್ದು ಫಿನ್ಲೆಂಡಿನ ರೊವಾನಿಯೆಮಿ, ಸಾಂಟಾಕ್ಲಾಸನ ಊರು. ಡಿಸೆಂಬರ್ ಮೂರನೇ ವಾರದಲ್ಲಿ ಅಲ್ಲಿ ಸೂರ್ಯ ದಿನಕ್ಕೆ ಎರಡು ಗಂಟೆ ಚಿಲ್ಲರೆ ಡ್ಯೂಟಿಗೆ ಬಂದು ಹೋಗುತ್ತಾನೆ. ಹಿಮಕ್ಕೆ ಅಲ್ಲಿ ಕೊರತೆಯಿಲ್ಲ ನಿಜ, ಆದರೆ ಮೈನಸ್ ಇಪ್ಪತ್ತು ಎಂದರೆ ಏನು ಅಂತ ಭಾವನಿಗೆ ಅಂದಾಜಿಲ್ಲ, ಅವರು ಊಟಿಯಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ನಡುಗಿದವರು. 1944ರಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ ಸೈನ್ಯ ಆ ಊರನ್ನು ಸುಟ್ಟುಹಾಕಿತ್ತು. ಅಲ್ವಾರ್ ಆಲ್ಟೊ ಎಂಬ ವಾಸ್ತುಶಿಲ್ಪಿ ಹಿಮಸಾರಂಗದ ತಲೆಯ ಆಕಾರದಲ್ಲಿ ರಸ್ತೆಗಳ ನಕ್ಷೆ ಬರೆದು ಅದನ್ನು ಮತ್ತೆ ಕಟ್ಟಿಸಿದ. ನನಗೆ ಅದನ್ನು ನೋಡುವ ಆಸೆ. ಮಕ್ಕಳಿಗೆ ಸಾಂಟಾನ ತೊಡೆಯ ಮೇಲೆ ಫೋಟೊ. ದೊಡ್ಡವನಿಗೆ ಈಗ ಹದಿನಾರು, ಯಾರ ತೊಡೆ ಅಂತ ಕೇಳಬೇಕಾಗಿದೆ.

ಅಕ್ಕನಿಗೆ ಕ್ರಿಸ್‌ಮಸ್ ಮಾರ್ಕೆಟ್ ಬೇಕು, ರೀಲ್ಸಿನಲ್ಲಿ ನೋಡಿದ್ದಾಳೆ. ಮರದ ಗೂಡಂಗಡಿಗಳು, ಮಿಣುಕುವ ದೀಪ, ಕೈಯಲ್ಲಿ ಹೊಗೆಯಾಡುವ ಬಣ್ಣದ ಮಗ್ಗು. ಡ್ರೆಸ್ಡೆನ್ನಿನಲ್ಲಿ 1434ರಿಂದ ನಡೆದು ಬಂದ ಜಾತ್ರೆ ಇದೆ, ಸುಳ್ಳಲ್ಲ. ಆದರೆ ಜರ್ಮನಿಯ ಇಂಥ ಮಾರ್ಕೆಟ್‌ಗಳು ಹೆಚ್ಚಿನವು 23ಕ್ಕೋ 24ರ ಮಧ್ಯಾಹ್ನಕ್ಕೋ ಬಾಗಿಲು ಹಾಕುತ್ತವೆ. ಅಕ್ಕನ ಮಕ್ಕಳಿಗೆ ರಜ ಸಿಕ್ಕಿ ಇವರು ವಿಮಾನ ಇಳಿಯುವುದು 24ಕ್ಕೆ. ತೇರು ಎಳೆದು, ಕಡಲೆಪುರಿ ಅಂಗಡಿಯವನೂ ಗಂಟು ಕಟ್ಟಿದ ಮೇಲೆ ಜಾತ್ರೆಗೆ ಬಂದಹಾಗೆ. 24ರ ಮಧ್ಯಾಹ್ನದಿಂದ ಅಂಗಡಿ ಬಂದ್, 25 ರಜ, 26 ರಜ. ಹಾಲು ಮುಗಿದರೆ ಪೆಟ್ರೋಲ್ ಬಂಕಿಗೆ ಓಡಬೇಕು. ಲಂಡನ್ ಅಂದರೆ ಅದಕ್ಕೆ ವೀಸಾ ಬೇರೆ, 25ರಂದು ಅಲ್ಲಿ ರೈಲೂ ಓಡುವುದಿಲ್ಲ, ಮೆಟ್ರೊವೂ ಓಡುವುದಿಲ್ಲ. ಪ್ರಾಗ್‌ನಲ್ಲಿ ಜನವರಿ 6ರವರೆಗೂ ಮಾರ್ಕೆಟ್ ಇರುತ್ತದೆ ಎಂದೆ. 'ಅದು ಯಾವ ದೇಶ?' ಎಂದರು ಭಾವ, ಅದಕ್ಕೂ ಒತ್ತಿ ಆದಮೇಲೆ.

ಹಬ್ಬದ ದಿನ ಒಂದು ಊರಿಗೆ ಊರೇ ಬಾಗಿಲು ಹಾಕಿಕೊಂಡು ಮನೆಯೊಳಗೆ ಊಟ ಮಾಡುತ್ತಿರುವಾಗ ನಾವು ಬೀದಿಯಲ್ಲಿ ನಿಂತು 'ಎಲ್ಲಿ ಹಬ್ಬ?' ಎಂದು ಹುಡುಕುತ್ತೇವೆ. ಈ ಹನ್ನೊಂದು ವರ್ಷದಲ್ಲಿ 24ರ ರಾತ್ರಿ ನಮ್ಮನ್ನು ಯಾರೂ ಊಟಕ್ಕೆ ಕರೆದಿಲ್ಲ. ಕರೆಯಲೇಬೇಕು ಅಂತೇನಿಲ್ಲ. ಹಾಗೆ ನೋಡಿದರೆ ಎದುರುಮನೆಯವರನ್ನು ಯುಗಾದಿಗೆ ನಾನು ಎರಡು ಸಲ ಕರೆದಿದ್ದೆ, ಎರಡು ಸಲವೂ ಒಬ್ಬಟ್ಟು ತಿಂದು ಹೋದರು. ಇರಲಿ.

ಪೋಲ್ ಇಲ್ಲದೆ ಹೋದ ಪ್ರವಾಸವೊಂದಿದೆ. 2019ರಲ್ಲಿ ಅಮ್ಮ ಬಂದಿದ್ದಾಗ ಹೋದದ್ದು. ಊರು ಆರಿಸಿದ್ದು ನಾವಲ್ಲ, ಟಿಕೆಟ್ಟು. ಕ್ರಿಸ್‌ಮಸ್‌ಗೆ ಸ್ವಲ್ಪ ಮುಂಚೆ ಎಲ್ಲಕ್ಕಿಂತ ಅಗ್ಗಕ್ಕೆ ಸಿಕ್ಕಿದ್ದು ಇಟಲಿಯ ನೇಪಲ್ಸ್. ಅಲ್ಲಿ ಹಳೇ ಊರಿನೊಳಗೆ ಸಾನ್ ಗ್ರೆಗೋರಿಯೊ ಅರ್ಮೇನೊ ಅಂತ ಒಂದು ಬೀದಿ. ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲಿನಷ್ಟು ಇಕ್ಕಟ್ಟು, ನೂಕುನುಗ್ಗಲೂ ಅಷ್ಟೇ. ಎರಡೂ ಕಡೆ ಬರೀ ಗೊಂಬೆ ಅಂಗಡಿ. ಕ್ರಿಸ್‌ಮಸ್‌ಗೆ ಮನೆಮನೆಯಲ್ಲಿ ಕೂರಿಸುವ ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯಕ್ಕೆ, ಬೇಕಾದ ಸಾಮಾನು. ಸಂತ ಫ್ರಾನ್ಸಿಸ್ 1223ರಲ್ಲಿ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ನಿಜವಾದ ಎತ್ತು, ಕತ್ತೆಗಳನ್ನೇ ನಿಲ್ಲಿಸಿ ಗೋದಲಿ ಮಾಡಿದ್ದನಂತೆ. ನೇಪಲ್ಸಿನವರಿಗೆ ಎತ್ತು, ಕತ್ತೆ ಎಲ್ಲಿ ಸಾಕು? ಮೀನು ಮಾರುವವಳು, ಬಟ್ಟೆ ಒಗೆಯುವವಳು, ಹಣ್ಣಿನವನು, ಕರೆಂಟಿನಿಂದ ಕೈ ಆಡಿಸುತ್ತ ಒಲೆಗೆ ಪಿಜ್ಜಾ ತಳ್ಳುವವನು, ನೀಲಿ ಜೆರ್ಸಿ ತೊಟ್ಟ ಮರಡೋನಾ. ಬೆತ್ಲೆಹೇಮಿಗೆ ಇಡೀ ನೇಪಲ್ಸನ್ನೇ ತಂದು ಕೂರಿಸಿದ್ದಾರೆ.

ಅಮ್ಮ ಸೀರೆಯ ಮೇಲೆ ನನ್ನ ಜಾಕೆಟ್ ಹಾಕಿಕೊಂಡು, ಕಾಲಿಗೆ ಎರಡೆರಡು ಜೊತೆ ಸಾಕ್ಸ್ ಏರಿಸಿಕೊಂಡಿದ್ದವಳು, ಬೆಳಿಗ್ಗೆಯಿಂದ ಮಂಡಿನೋವು ಎನ್ನುತ್ತಿದ್ದವಳು, ಆ ಬೀದಿಗೆ ಕಾಲಿಟ್ಟ ಮೇಲೆ ನಮ್ಮ ಕೈಗೆ ಸಿಗಲಿಲ್ಲ. "ಅಯ್ಯೋ, ಇದು ನಮ್ಮ ಗೊಂಬೆ ಹಬ್ಬ ಕಣೋ" ಎಂದವಳು ಸೀದಾ ಪರೀಕ್ಷೆಗೆ ಇಳಿದಳು. ಶೆಟ್ಟಿ ಎಲ್ಲಿ? ದಿನಸಿ ಅಂಗಡಿ ಇಟ್ಟುಕೊಂಡು ಹೆಂಡತಿಯ ಜೊತೆ ಕೂತ ಶೆಟ್ಟಿ ಇಲ್ಲದ ಗೊಂಬೆ ಸಾಲು ಅವಳ ಲೆಕ್ಕದಲ್ಲಿ ಅಪೂರ್ಣ. ಬುಟ್ಟಿಗಳ ನಡುವೆ ಕೂತ ಒಬ್ಬ ಡೊಳ್ಳುಹೊಟ್ಟೆಯವನನ್ನು ಹುಡುಕಿ ತೋರಿಸಿದೆ. ಒಪ್ಪಿದಳು. ಮಾಂಸದಂಗಡಿಯ ಕಡೆಗೆ ಬೆನ್ನು ಹಾಕಿದಳು. ಆಮೇಲೆ ಎಲ್ಲಕ್ಕಿಂತ ದೊಡ್ಡ ಗೋದಲಿಯೊಳಗೆ ಬಗ್ಗಿ ನೋಡಿ, "ಮಗು ಎಲ್ಲೋ?" ಎಂದಳು. ಮಗುವನ್ನು 24ರ ಮಧ್ಯರಾತ್ರಿಗೇ ಮಲಗಿಸುವುದು, ಅಲ್ಲಿಯವರೆಗೆ ಹುಲ್ಲಿನ ತೊಟ್ಟಿಲು ಖಾಲಿ ಎಂದು ಹೇಳಿದೆ. "ಮತ್ತೆ, ಹುಟ್ಟೋಕೆ ಮುಂಚೆ ಹೇಗೆ ಇಡ್ತಾರೆ!" ಎಂದು ಅವರ ಪರ ನನಗೇ ಬುದ್ಧಿ ಹೇಳಿದಳು. ಪಕ್ಕದಲ್ಲೇ ಒಂದು ರಟ್ಟಿನ ಡಬ್ಬದ ತುಂಬ ಹೆಬ್ಬೆರಳುದ್ದದ ಯೇಸು ಕೂಸುಗಳು, ಬಟಾಣಿ ಸುರಿದಹಾಗೆ.

ಕೊನೆಗೆ ಅವಳ ಕೈಗೆ ಬಂದದ್ದು ಕುರಿಗಳ ನಡುವೆ ಮಲಗಿ ನಿದ್ದೆ ಹೊಡೆಯುತ್ತಿದ್ದ ಒಬ್ಬ ಹುಡುಗ. ಗೇಣುದ್ದವೂ ಇಲ್ಲ. ತಲೆಯ ಕೆಳಗೆ ಒಂದು ಕೈ, ಬಾಯಿ ಸ್ವಲ್ಪ ತೆರೆದಿದೆ, ಸುಟ್ಟ ಮಣ್ಣಿನ ಕೆನ್ನೆಗೆ ಒಂದು ಚೂರು ಕೆಂಪು. ಅಮ್ಮ ಎತ್ತಿ ತಿರುಗಿಸಿ, ಗಟ್ಟಿಯಿದೆಯೇ ಎಂದು ಉಗುರಿನಿಂದ ಟಕಟಕ ಬಡಿದಳು. ಅಂಗಡಿಯವನು ಗಾಬರಿಯಿಂದ ತುಟಿಯ ಮೇಲೆ ಬೆರಳಿಟ್ಟು "ಶ್‌ಶ್" ಎಂದ. ಇವನ ಹೆಸರು ಬೆನೀನೊ. ಈ ಗೋದಲಿ, ನಕ್ಷತ್ರ, ಮೀನಿನವಳು, ಎಲ್ಲ ಇವನು ಕಾಣುತ್ತಿರುವ ಕನಸಂತೆ. ಎದ್ದರೆ ಅಷ್ಟೂ ಮಾಯ. ಅವನು ಮುರುಕು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸುವ ಮೊದಲೇ ಅಮ್ಮನಿಗೆ ಅರ್ಥವಾಗಿ ದನಿ ತಗ್ಗಿಸಿದ್ದಳು. ಹನ್ನೆರಡು ಯೂರೊ ಎಂದ. ಅಮ್ಮ ಪಿಸುಮಾತಿನಲ್ಲಿ, ಕನ್ನಡದಲ್ಲಿ, ಎಂಟು ಬೆರಳು ತೋರಿಸಿದಳು. ಅವನೂ ಪಿಸುಗುಟ್ಟುತ್ತಲೇ ಹತ್ತು ಎಂದ. ಎಬ್ಬಿಸದ ಹಾಗೆ ಚೌಕಾಸಿ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಒಂಬತ್ತಕ್ಕೆ ಮುಗಿಯಿತು.

ಬೆನೀನೊ ಅಮ್ಮನ ಉಣ್ಣೆ ಸಾಕ್ಸಿನೊಳಗೆ ಮಲಗಿ ಮೈಸೂರಿಗೆ ಹೋದ. ದಸರಾದಲ್ಲಿ ಅವನ ಜಾಗ ಕೆಳಗಿನ ಸಾಲಿನಲ್ಲಿ, ಮೊಳಕೆ ಬಂದ ರಾಗಿ ಪೈರಿನ ಪಾರ್ಕಿನ ಅಂಚಿಗೆ. ಮೇಲೆ ಪಟ್ಟದ ಗೊಂಬೆ ರಾಜ ರಾಣಿ, ನಡುವೆ ಶೆಟ್ಟಿ ದಂಪತಿ, ಕೆಳಗೆ ಇವನು. ಯಾರಾದರೂ ಇದ್ಯಾರು ಎಂದರೆ ಅಮ್ಮ "ಕುರಿ ಕಾಯೋ ಹುಡುಗ, ಮೆತ್ತಗೆ ಮಾತಾಡಿ" ಎನ್ನುತ್ತಾಳೆ. ಬೊಂಬೆ ಬಾಗಿನಕ್ಕೆ ಬಂದ ಮಕ್ಕಳು ಚರಪು ತಿನ್ನುತ್ತ ಪಿಸುಗುಡುತ್ತವೆ.

ಎಲ್ಲಿದ್ದೆ? ಹಾ, ಪೋಲ್. ವೀಸಾಕ್ಕಾದರೂ ಊರು ನಿಶ್ಚಯವಾಗಬೇಕು. ಯಾವ ದೇಶದಲ್ಲಿ ಹೆಚ್ಚು ರಾತ್ರಿ ಕಳೆಯುತ್ತೀರೋ ಆ ದೇಶಕ್ಕೆ ಅರ್ಜಿ, ತಲೆಗೆ 90 ಯೂರೊ ಫೀಸು, 30,000 ಯೂರೊಗೆ ಕಡಿಮೆಯಿಲ್ಲದ ವಿಮೆ. ಬೆಂಗಳೂರಿನಲ್ಲಿ ಸ್ಲಾಟ್ ಸಿಗುವುದೇ ಕಷ್ಟ ಎಂದು ನಾನು ಆಗಸ್ಟಿನಿಂದ ಬಡಿದುಕೊಳ್ಳುತ್ತಿದ್ದೇನೆ. 'ಒಂದೇ ವೀಸಾದಲ್ಲಿ ಇಪ್ಪತ್ತೊಂಬತ್ತು ದೇಶ ನೋಡಬಹುದಲ್ವಾ?' ಎಂದು ಭಾವ ಕೇಳಿದರು. ನೋಡಬಹುದು ಭಾವ, ಆದರೆ ನಿಮ್ಮ ಹತ್ತಿರ ಇರುವುದು ಒಂಬತ್ತು ದಿನ. ಇದನ್ನು ಟೈಪ್ ಮಾಡಿ ಅಳಿಸಿದೆ. ಅಕ್ಕನ ಗಂಡ.

ನಿನ್ನೆ ರಾತ್ರಿ ಅವರು ಸ್ವಿಟ್ಜರ್ಲೆಂಡಿನ ವೋಟು ಹಿಂತೆಗೆದುಕೊಂಡು ಐಸ್‌ಲ್ಯಾಂಡ್ ಸೇರಿಸಿದ ಹೊಸ ಪೋಲ್ ಹಾಕಿದ್ದಾರೆ. ಪೋಲ್ ಒತ್ತಲು ಬಾರದ ಅಮ್ಮ ಮಾತ್ರ ಬೆಳಿಗ್ಗೆ ನಾಲ್ಕು ನಿಮಿಷದ ಒಂದು ವಾಯ್ಸ್ ಮೆಸೇಜ್ ಕಳಿಸಿದಳು. ಮೊದಲ ಮೂರು ನಿಮಿಷ ಮಂಡಿನೋವು, ಮನೆಕೆಲಸದವಳ ಮಗಳ ಮದುವೆ, ಕೊಬ್ಬರಿ ಎಣ್ಣೆಯ ರೇಟು. ಆಮೇಲೆ: "ಅಲ್ವೋ, ಈ ಸಲ ಗೊಂಬೆ ಟ್ರಂಕಿಗೆ ಹಾಕೋವಾಗ ಆ ಮಲಗಿರೋ ಹುಡುಗನ ಕೈ ಮುರಿದುಹೋಯ್ತು. ಎದ್ದಿಲ್ಲ, ಪುಣ್ಯ. ಆ ಅಂಗಡಿಯೋನು ಇನ್ನೂ ಇದ್ದಾನಾ ಅಂತ ಒಂದು ಫೋನ್ ಮಾಡಿ ಕೇಳ್ತೀಯಾ, ಫೆವಿಕಾಲ್ ಹಾಕಿದ್ರೆ ನಿಲ್ಲುತ್ತಾ ಅಂತ?"