ಹದಿನೈದು ಪಾಯಿಂಟ್ ಎಂಟು

ಇಪ್ಪತ್ತು ವರ್ಷ ಸಿಮೆಂಟ್ ಅಂಗಡಿಯ ಲೆಕ್ಕ ಬರೆದ ನನಗೆ ಬೆಂಗಳೂರಿನ ಹೊರಗಿನ ಒಂದು ಸ್ಟಡ್ ಫಾರ್ಮಿನಲ್ಲಿ ಕೆಲಸ ಸಿಕ್ಕಿತು. ರೇಸ್ ಕುದುರೆ ಬೆಳೆಸುವ ಜಾಗ. "ಟಿಪ್ಪು ಕಾಲದ್ದು, ಆ ಕುಣಿಗಲ್ ಫಾರ್ಮಾ?" ಎಂದರು ಮಾವ. ಅಲ್ಲ, ಬೇರೆ ಎಂದೆ. "ಹಾಗಾದ್ರೆ ಬರೀ ಜೂಜು" ಎಂದು ಪೇಪರ್ ಕಡೆ ತಿರುಗಿದರು.

ಮೂಟೆಯಾದರೇನು, ಕುದುರೆಯಾದರೇನು, ಲೆಕ್ಕ ಲೆಕ್ಕವೇ ಅಲ್ವಾ? ಮೊದಲ ದಿನವೇ ರಿಜಿಸ್ಟರ್ ತೆರೆದೆ. ಎಲ್ಲ ಕುದುರೆಗಳಿಗೂ ಜನವರಿ 1ಕ್ಕೇ ವಯಸ್ಸು ಏರಿದೆ! ನಮ್ಮ ಕಾಲದ ಮೇಷ್ಟ್ರು ಎಲ್ಲ ಮಕ್ಕಳಿಗೂ ಜೂನ್ 1 ಎಂದು ಬರೆದುಕೊಂಡ ಹಾಗೆ. ಹಿಂದಿನ ಗುಮಾಸ್ತನ ಸೋಮಾರಿತನ ಎಂದುಕೊಂಡು, ಹುಟ್ಟಿದ ದಿನ ಹುಡುಕಿ ಎಲ್ಲವನ್ನೂ ತಿದ್ದಿದೆ. ಸಂಜೆ ಡಾಕ್ಟರು ನೋಡಿ ತಲೆ ಹಿಡಿದುಕೊಂಡರು. ಥರೋಬ್ರೆಡ್ ಅನ್ನೋ ರೇಸ್ ತಳಿಯ ಕುದುರೆ ಯಾವಾಗಲೇ ಹುಟ್ಟಲಿ, ಹೊಸ ವರ್ಷಕ್ಕೆ ಒಂದು ವಯಸ್ಸು ಕೂಡುತ್ತದಂತೆ. ಡಿಸೆಂಬರ್ 31ಕ್ಕೆ ಹುಟ್ಟಿದ ಮರಿಗೆ ಮಾರನೇ ದಿನವೇ ಒಂದು ವರ್ಷ. ಅದಕ್ಕೇ ಹನ್ನೊಂದು ತಿಂಗಳ ಬಸಿರನ್ನು ಮೊದಲೇ ಎಣಿಸಿ, ಹೆರಿಗೆ ಜನವರಿ ಒಂದನ್ನು ದಾಟುವ ಹಾಗೆ ಗಂಡು ಕುದುರೆ ಹತ್ತಿರ ಬಿಡುತ್ತಾರೆ. ಮತ್ತೆ ಕೂತು ಒಂದೊಂದಾಗಿ ತಿದ್ದಿದೆ.

ಮರುದಿನ ಎತ್ತರ ಅಳೆಯುವ ಕೆಲಸ. ಕುದುರೆಯ ಎತ್ತರ 'ಹ್ಯಾಂಡ್' ಲೆಕ್ಕದಲ್ಲಿ. ಒಂದು ಹ್ಯಾಂಡ್ ಅಂದರೆ 4 ಇಂಚು. ಅಳತೆಕೋಲನ್ನು ಕಿವಿಯ ತುದಿಗೆ ಹಿಡಿದೆ. ಕುದುರೆ ತಲೆ ಎತ್ತಿತು, ಎತ್ತರ ಏರಿತು. ತಗ್ಗಿಸಿತು, ಇಳಿಯಿತು. ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಆಳು, ನಗು ನುಂಗಿಕೊಂಡು, ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ದಿಬ್ಬ ತೋರಿಸಿದ. ಅಷ್ಟರಲ್ಲಿ ಕುದುರೆ ಒಂದು ಹೆಜ್ಜೆ ಪಕ್ಕಕ್ಕಿಟ್ಟಿತು. ನನ್ನ ಕಾಲ ಮೇಲೆ. ತೂಕ 450 ಕೆಜಿ, ಅಂದರೆ ಒಂಬತ್ತು ಮೂಟೆ ಸಿಮೆಂಟ್. ನಾಲ್ಕು ಕಾಲಿಗೆ ಹಂಚಿದರೂ ನನ್ನ ಹೆಬ್ಬೆರಳಿನ ಪಾಲಿಗೆ ಎರಡೂಕಾಲು ಮೂಟೆ, ಲಾಳದ ಸಮೇತ.

ಕುಂಟುತ್ತಲೇ ಅಳೆದೆ. 63 ಇಂಚು. ನಾಲ್ಕರಿಂದ ಭಾಗಿಸಿದರೆ 15.75. ಸುಮ್ನೆ ಉದ್ದ ಯಾಕೆ ಎಂದು 15.8 ಬರೆದೆ.

"15.3 ಸಾರ್," ಎಂದ ಸೈಸ್. "ಹದಿನೈದು ಹ್ಯಾಂಡು, ಮೇಲೆ ಮೂರಿಂಚು. 15.3 ಆದ್ಮೇಲೆ ಹದಿನಾರೇ."

"ಪಾಯಿಂಟ್ ಆದಮೇಲೆ ಒಂಬತ್ತರ ತನಕ ಹೋಗಬೇಕಪ್ಪ! ಮೂರಕ್ಕೇ ನಿಂತರೆ ಅದೆಂಥ ಲೆಕ್ಕ?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಿಮ್ಮ ಎತ್ತರ ಎಷ್ಟು ಸಾರ್?"

"ಐದು ಪಾಯಿಂಟ್ ಹತ್ತು."

"ಹಾಗಾದ್ರೆ ಐದು ಪಾಯಿಂಟ್ ಒಂಬತ್ತು ಇರೋನು ನಿಮಗಿಂತ ಎತ್ತರ ಅಲ್ವಾ?"

ರಬ್ಬರ್ ಇದೆಯಾ ಎಂದು ಕೇಳಿದೆ.