ಬಿಳಿಚಿದೆಯೋ, ಕಂದಾಗಿದೆಯೋ? ಮೊದಲು ಅದನ್ನು ಹೇಳಿ

"ಹವಳದ ಬಣ್ಣ ಹೋಯ್ತು, ಏನು ಹಾಕಲಿ" ಅಂತ ಮೆಸೇಜ್ ಮಾಡುವವರಿಗೆ ಮೊದಲು ನನ್ನ ಟ್ಯಾಂಕಿನ ಕತೆ ಹೇಳುತ್ತೇನೆ. ಮೊದಲು ಕಂಡುಹಿಡಿದದ್ದು ಅಮ್ಮ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಟ್ಯಾಂಕ್ ಮುಂದೆ ನಿಂತವರು, "ಏನೋ ಇದು, ಬ್ಲೀಚಿಂಗ್ ಪೌಡರ್ ಬಿದ್ದ ಸೀರೆ ಥರ ಆಗಿದೆಯಲ್ಲೋ ನಿನ್ನ ಹವಳ" ಅಂದರು. ನಾನು ದಿನಾ ನೋಡುವವನು, ಅದಕ್ಕೇ ನನಗೆ ಕಂಡಿರಲಿಲ್ಲ. ಫೋನಿನಲ್ಲಿದ್ದ ತಿಂಗಳ ಹಿಂದಿನ ಫೋಟೋ ತೆಗೆದು ಗಾಜಿನ ಪಕ್ಕ ಹಿಡಿದೆ. ಕುಂಕುಮದ ಹಾಗೆ ಕೆಂಪಗಿದ್ದ ಮಶ್ರೂಮ್ ಹವಳ ಈಗ ಸಾಂಬಾರಿನಲ್ಲಿ ಬೆಂದ ಮೂಲಂಗಿ ಬಿಲ್ಲೆ ಥರ ಕಾಣುತ್ತಿತ್ತು.

ನನ್ನದು ಮನೆಯೊಳಗಿನ ಮೂರಡಿ ಉಪ್ಪುನೀರಿನ ಗಾಜಿನ ಟ್ಯಾಂಕ್, ಸುಮಾರು 190 ಲೀಟರ್. ಮಶ್ರೂಮ್, ಜೋವಾ (ಜೋವಾಂಥಿಡ್), ಒಂದು ಲೆದರ್ ಹವಳ, ಮೂರೂ ಮೆತ್ತನೆ ಮೈಯವು; ಜೊತೆಗೆ ಎರಡು ಕ್ಲೌನ್ ಮೀನು. ಇಷ್ಟೇ. ಮನೆಗೆ ಬಂದವರು "ಕೊಂಬೆ ಕೊಂಬೆಯಾಗಿ ಇರುತ್ತಲ್ಲ, ಆ ಹವಳ ಇಲ್ವಾ" ಅಂತ ಕೇಳುತ್ತಾರೆ. ಇಲ್ಲ, ಇಡೋದೂ ಇಲ್ಲ. ಗಟ್ಟಿ ಕಲ್ಲಿನ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿವೆ. ಹುಲಿ ಇರುವ ಪಟ್ಟಿಯಲ್ಲೇ. ಗುಟ್ಟಾಗಿ ತಂದುಕೊಡುತ್ತೇನೆ ಅನ್ನುವವರು ಸಿಗುತ್ತಾರೆ. ಬೇಡಪ್ಪ.

ಸರಿ, ಬಣ್ಣ ಯಾಕೆ ಹೋಯಿತು? ನನ್ನ ಮೊದಲ ಅನುಮಾನ ಸೆಕೆಯ ಮೇಲೆ. 2024ರ ಏಪ್ರಿಲ್ ಕೊನೆಗೆ ಬೆಂಗಳೂರು 38 ಡಿಗ್ರಿ ದಾಟಿತ್ತು, ನೆನಪಿದೆಯಲ್ಲ? ಅದೇ ತಿಂಗಳು ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆ ನೋವಾ, ಜಗತ್ತಿನ ಹವಳಗಳು ನಾಲ್ಕನೇ ಸಲ ಒಟ್ಟಿಗೆ ಬಿಳಿಚುತ್ತಿವೆ ಅಂತ ಘೋಷಿಸಿತ್ತು. ಲಕ್ಷದ್ವೀಪದ ಹವಳ ದಿಬ್ಬಗಳೂ ಬಿಳಿಚಿವೆ ಅಂತ ಕೊಚ್ಚಿಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐ ಹೇಳಿತ್ತು. ಅಲ್ಲಿ ಸಮುದ್ರಕ್ಕೇ ಹಾಗಾದ ಮೇಲೆ ನನ್ನ ಗಾಜಿನ ಡಬ್ಬ ಯಾವ ಲೆಕ್ಕ ಅಂದುಕೊಂಡೆ. ಆದರೆ ನನ್ನ ನೋಟ್‌ಬುಕ್ ಬೇರೆಯೇ ಹೇಳುತ್ತಿತ್ತು. ಏಪ್ರಿಲ್‌ನಲ್ಲಿ ಟ್ಯಾಂಕಿನ ನೀರು ಒಂದು ದಿನವೂ 28.5 ಡಿಗ್ರಿ ದಾಟಿರಲಿಲ್ಲ, ಫ್ಯಾನ್ ಬಿಟ್ಟು ಉಳಿಸಿಕೊಂಡಿದ್ದೆ. ಬಣ್ಣ ಹೋದದ್ದು ಜುಲೈನಲ್ಲಿ. ಮಳೆಗಾಲದಲ್ಲಿ ಬಿಸಿಲಿಗೆ ಬಾಡಿತು ಅಂದರೆ ಯಾರು ನಂಬುತ್ತಾರೆ?

ಎರಡನೇ ಅನುಮಾನ ಲೈಟಿನ ಮೇಲೆ. ಜೂನ್‌ನಲ್ಲಿ ಹೊಸ ಎಲ್‌ಇಡಿ ಹಾಕಿದ್ದೆ. ಹೊಸ ಲೈಟನ್ನು ಅರ್ಧಕ್ಕಿಂತ ಕಡಿಮೆಯಲ್ಲಿ ಶುರು ಮಾಡಿ, ವಾರ ವಾರ ಸ್ವಲ್ಪ ಏರಿಸಬೇಕು. ಇದು ನನಗೆ ಗೊತ್ತಿದ್ದ ವಿಷಯ. ಆದರೂ ಎರಡೇ ವಾರಕ್ಕೆ ಮುಕ್ಕಾಲಿಗೆ ತಂದುಬಿಟ್ಟಿದ್ದೆ. ಗಾಬರಿಯಲ್ಲಿ ಅರ್ಧಕ್ಕೆ ಇಳಿಸಿದೆ. ಹತ್ತು ದಿನ ಕಾದೆ. ಏನೂ ಆಗಲಿಲ್ಲ.

ಒಂದು ರಾತ್ರಿ ಸುಮ್ನೆ ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಬಂಡೆಯ ಹಿಂಬದಿಯಲ್ಲಿ, ಪೂರ್ತಿ ನೆರಳಿನಲ್ಲಿ, ಅದೇ ಕೆಂಪು ಮಶ್ರೂಮಿನ ಮರಿಯೊಂದಿದೆ. ರೂಪಾಯಿ ನಾಣ್ಯದಷ್ಟು ಅಗಲ. ಹೊಸ ಲೈಟಿನ ಬೆಳಕು ಅದರ ಮೇಲೆ ನೇರವಾಗಿ ಬಿದ್ದೇ ಇಲ್ಲ. ತಪ್ಪು ಲೈಟಿನದೇ ಆಗಿದ್ದರೆ ಅದಾದರೂ ಕೆಂಪಗಿರಬೇಕಿತ್ತು. ಅದೂ ಬಿಳಿಚಿತ್ತು. ಬಾಯಿಯ ಸುತ್ತ ಒಂದು ಉಂಗುರದಷ್ಟು ಮಾತ್ರ ಬಣ್ಣ ಉಳಿದಿತ್ತು.

ನೆರಳಿನಲ್ಲಿದ್ದದ್ದೂ ಬಿಳಿಚಿದೆ ಅಂದರೆ ಕಾರಣ ನೀರಿನಲ್ಲಿದೆ. ಟೆಸ್ಟ್ ಕಿಟ್ ತೆಗೆದೆ. ನೈಟ್ರೇಟ್ ಕಿಟ್‌ನ ಅವಧಿ ಮುಗಿದು ಎಂಟು ತಿಂಗಳಾಗಿತ್ತು. ನಗಬೇಡಿ, ನಿಮ್ಮದನ್ನೂ ಒಮ್ಮೆ ನೋಡಿ. ಹೊಸದು ತರಿಸಿ ನೋಡಿದರೆ ನೈಟ್ರೇಟ್ ಸೊನ್ನೆ. ಫಾಸ್ಫೇಟ್ 0.00. ಮತ್ತೆ ನೋಡಿದೆ, ಮತ್ತೆ 0.00. ಮೊದಲಾಗಿದ್ದರೆ ಈ ಸಂಖ್ಯೆ ನೋಡಿ ಕಾಲರ್ ಏರಿಸಿಕೊಳ್ಳುತ್ತಿದ್ದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಹವಳದ ಮೈಯೊಳಗೆ ಸಣ್ಣ ಪಾಚಿಗಳು ಬಾಡಿಗೆಗಿವೆ. ಬೆಳಕಿನಲ್ಲಿ ಅಡುಗೆ ಮಾಡಿ ಹೆಚ್ಚು ಪಾಲು ಓನರಿಗೆ ಕೊಡುತ್ತವೆ, ಅದೇ ಅವುಗಳ ಬಾಡಿಗೆ. ಈ ಪಾಚಿಗಳ ಬಣ್ಣ ಕಂದು. ನಾವು ಮೆಚ್ಚುವ ಕೆಂಪು, ಹಸಿರು ಅವುಗಳದ್ದಲ್ಲ, ಓನರಿನದು, ಅಂದರೆ ಹವಳ ತಾನೇ ತಯಾರಿಸುವ ಪ್ರೋಟೀನಿನದು. ಜೀವಕೋಶಗಳಿಗೆ ಗುರುತು ಹಾಕಲು ಲ್ಯಾಬ್‌ಗಳಲ್ಲಿ ಬಳಸುವ ಡಿಎಸ್‌ರೆಡ್ ಅನ್ನುವ ಕೆಂಪು ಪ್ರೋಟೀನ್ ಕೂಡ ಡಿಸ್ಕೋಸೋಮಾ ಮಶ್ರೂಮಿನಿಂದಲೇ ಸಿಕ್ಕಿದ್ದು, 1999ರಲ್ಲಿ. ನನ್ನ ಟ್ಯಾಂಕಿನಲ್ಲಿ ಕೂತಿರುವುದರ ನೆಂಟ ಅದು. ಈ ವಿಷಯ ಗೊತ್ತಾದ ದಿನ ಇದಕ್ಕೆ ಒಂದು ಚೂರು ಜಾಸ್ತಿ ಮರ್ಯಾದೆ ಕೊಟ್ಟೆ.

ಬಾಡಿಗೆದಾರರು ಮಿತಿಮೀರಿ ತುಂಬಿಕೊಂಡರೆ ಮನೆಯೆಲ್ಲ ಕಂದು, ಓನರಿನ ಬಣ್ಣ ಕಾಣುವುದೇ ಇಲ್ಲ. ಬಾಡಿಗೆದಾರರು ಖಾಲಿ ಮಾಡಿಕೊಂಡು ಹೋದರೆ ಮನೆ ಬಿಳಿಚಿಕೊಳ್ಳುತ್ತದೆ. ಎರಡಕ್ಕೂ ನಾವು ಹೇಳುವುದು ಒಂದೇ ಮಾತು: "ಬಣ್ಣ ಹೋಯ್ತು". ಆದರೆ ಎರಡೂ ತದ್ವಿರುದ್ಧ ಕಾಯಿಲೆ. ಒಂದರ ಔಷಧಿ ಇನ್ನೊಂದಕ್ಕೆ ವಿಷ.

ಪಾಚಿಗೂ ಗೊಬ್ಬರ ಬೇಕು. ನೈಟ್ರೇಟ್, ಫಾಸ್ಫೇಟ್ ಎರಡೂ ಬೇಕು. ಸೌಥಾಂಪ್ಟನ್ ವಿಶ್ವವಿದ್ಯಾಲಯದವರ 2013ರ ಅಧ್ಯಯನವೊಂದಿದೆ. ನೈಟ್ರೇಟ್ ಜಾಸ್ತಿಯಿದ್ದು ಫಾಸ್ಫೇಟಿಗೆ ಬರ ಬಂದರೆ ಹವಳ ಬಿಸಿಗೂ ಬೆಳಕಿಗೂ ಇನ್ನೂ ಬೇಗ ಬಿಳಿಚುತ್ತದೆ ಅಂತ ಅದು ತೋರಿಸಿತ್ತು. ನನ್ನಲ್ಲಿ ಎರಡಕ್ಕೂ ಬರ.

ಬರ ಬರಿಸಿದವನೂ ನಾನೇ. ಬೇಸಿಗೆಯಲ್ಲಿ ಫ್ಯಾನ್ ಹಾಕಿದ್ದೆನಲ್ಲ, ದಿನಕ್ಕೆ ಎರಡು ಮೂರು ಲೀಟರ್ ನೀರು ಆವಿಯಾಗುತ್ತಿತ್ತು. ಉಪ್ಪು ಆವಿಯಾಗುವುದಿಲ್ಲ, ಹಾಗಾಗಿ ಬರೀ ಸಿಹಿನೀರು ತುಂಬಬೇಕು. ನಾನು ತುಂಬುತ್ತಿದ್ದದ್ದು ಅಡುಗೆಮನೆಯ ಆರ್‌ಒ ನೀರು. ಆರ್‌ಒ ಅಂದರೆ ಶುದ್ಧ ಅಂತ ನಂಬಿಕೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ 70! ನಮ್ಮ ಮನೆಗಳ ಫಿಲ್ಟರಿನಲ್ಲಿ ಎಷ್ಟೋ ಸಲ ರುಚಿಗೆ ಅಂತ ಹೊರಗಿನ ನೀರನ್ನೇ ಚೂರು ಬೆರೆಸುವ ವ್ಯವಸ್ಥೆ ಇರುತ್ತದೆ, ಇಲ್ಲವೇ ಮಿನರಲ್ ಹಾಕುವ ಕಾರ್ಟ್ರಿಡ್ಜ್ ಇರುತ್ತದೆ. ಕುಡಿಯಲು ಒಳ್ಳೆಯದೇ. ಟ್ಯಾಂಕಿಗೆ ಮಾತ್ರ ಪ್ರತಿದಿನ ಒಂದು ಚಿಟಿಕೆ ಕಸ ಸೇರುತ್ತಾ ಹೋಗುತ್ತದೆ. ಬಂಡೆ ತುಂಬ ಕೂದಲಿನ ಹಾಗೆ ಹಸಿರು ಪಾಚಿ ಎದ್ದಿತು. ನಾನು ಮಾಡಬೇಕಿದ್ದದ್ದು ಆ ನೀರನ್ನು ಸರಿಪಡಿಸುವುದು. ಮಾಡಿದ್ದು ಏನು? ಫಾಸ್ಫೇಟ್ ಹೀರುವ ಜಿಎಫ್‌ಒ ಕಾಳನ್ನು ಧಾರಾಳವಾಗಿ ಸುರಿದೆ, ನೀರಿನ ಕೊಳೆಯನ್ನು ನೊರೆಯಾಗಿ ಎತ್ತುವ ಸ್ಕಿಮ್ಮರನ್ನು ಪೂರ್ತಿ ತಿರುಗಿಸಿದೆ, ಮೀನಿನ ಊಟವನ್ನು ದಿನ ಬಿಟ್ಟು ದಿನಕ್ಕೆ ಇಳಿಸಿದೆ. ಪಾಚಿ ಹೋಯಿತು. ಹಿಂದೆಯೇ ಹವಳದ ಬಣ್ಣವೂ ಹೋಯಿತು.

ಕಾರಣ ಸಿಕ್ಕಿತು, ಸುಮ್ಮನೆ ಕೂರಬೇಕಿತ್ತು. ಕೂರಲಿಲ್ಲ. ಒಂದು ಅಂಗಡಿಯಲ್ಲಿ "ಇದು ಹಾಕಿ ಸಾರ್, ಹದಿನೈದು ದಿನಕ್ಕೆ ಕಲರ್ ಬರುತ್ತೆ" ಅಂತ ಒಂದು ಬಾಟಲಿ ಕೊಟ್ಟರು, ತಂದೆ. ಒಂದೇ ಭಾನುವಾರ ಅರ್ಧ ಟ್ಯಾಂಕಿನ ನೀರನ್ನೂ ಬದಲಿಸಿದೆ. ಹೊಸ ಉಪ್ಪಿನ ನೀರಿನ ಕ್ಷಾರತೆ ಹನ್ನೊಂದರ ಹತ್ತಿರ, ಟ್ಯಾಂಕಿನದು ಎಂಟು. ಲೆದರ್ ಹವಳ ಮುಷ್ಟಿ ಕಟ್ಟಿಕೊಂಡು ಕೂತಿತು. ಮೈಮೇಲೆ ಮೇಣದಂಥ ಪೊರೆ ಬಂದು, ಎಂಟು ದಿನ ಬಿಚ್ಚಲೇ ಇಲ್ಲ. ಅಷ್ಟೂ ದಿನ ಅಮ್ಮ "ಮುನಿಸಿಕೊಂಡಿದೆ ಪಾಪ" ಅನ್ನುತ್ತಿದ್ದರು. ಬಾಟಲಿಯಿಂದ ಏನಾಯಿತು ಅಂದರೆ, ನನಗೆ ಗೊತ್ತಾಗುವುದಕ್ಕೆ ದಾರಿಯೇ ಇಲ್ಲ. ಒಂದೇ ವಾರದಲ್ಲಿ ಎರಡು ಬದಲಾವಣೆ ಮಾಡಿದವನು ಯಾವುದಕ್ಕೆ ಕೈ ತೋರಿಸಲಿ?

ಆಮೇಲೆ ಜಿಎಫ್‌ಒ ತೆಗೆದೆ. ದಿನಕ್ಕೆ ಎರಡು ಸಲ ಮೀನಿಗೆ ಊಟ. ತುಂಬುವ ನೀರಿಗೆ ಬೇರೆ ಆರ್‌ಒ, ಅದರ ಹಿಂದೆ ಉಳಿದ ಲವಣವನ್ನೂ ಹೀರುವ ಡಿಐ ರೆಸಿನ್, ಮೀಟರಿನಲ್ಲಿ ಸೊನ್ನೆ. ಮೂರು ವಾರಕ್ಕೆ ಫಾಸ್ಫೇಟ್ 0.03, ನೈಟ್ರೇಟ್ 4. ಬಣ್ಣ ಮಾತ್ರ ಬರಲಿಲ್ಲ. ಕೆಂಪು ತಿರುಗಿದ್ದು ಕಾಣಲು ಎರಡು ತಿಂಗಳು ಬೇಕಾಯಿತು.

ಈ ಕತೆ ಕೇಳಿ ಮೈಸೂರಿನ ಗೆಳೆಯನೊಬ್ಬ ಹಾಳಾದ. ಅವನದೂ "ಬಣ್ಣ ಹೋಯ್ತು ಗುರು" ಅನ್ನುವ ದೂರು. ನಾನು ಫೋಟೋ ಕೂಡ ಕೇಳದೆ ಮೀನಿಗೆ ಜಾಸ್ತಿ ಊಟ ಹಾಕು, ಲೈಟ್ ಇಳಿಸು ಅಂದೆ. ತಿಂಗಳಾದ ಮೇಲೆ ಹೋಗಿ ನೋಡಿದರೆ ಅವನ ಜೋವಾಗಳು ಬೆಲ್ಲದ ಪಾಕದ ಬಣ್ಣ. ಕತ್ತು ಉದ್ದ ಮಾಡಿಕೊಂಡು ಬೆಳಕಿಗೆ ಚಾಚಿಕೊಂಡಿದ್ದವು. ನೈಟ್ರೇಟ್ 60. ಲೈಟಿನ ಕೆಳಗಿನ ಗಾಜಿನ ಮೇಲೆ ಬೆರಳು ಎಳೆದೆ, ಉಪ್ಪಿನ ಪದರ ಗೆರೆ ಬಿದ್ದು ಕಂಡಿತು. ಅವನಿಗೆ ಬೇಕಿದ್ದದ್ದು ಒದ್ದೆ ಬಟ್ಟೆ ಮತ್ತು ವಾರಕ್ಕೆ ಹತ್ತು ಪರ್ಸೆಂಟ್ ನೀರು ಬದಲಾವಣೆ. ಅವನು ರೋಸಿಹೋಗಿ ಜೋವಾಗಳು ಕೂತಿದ್ದ ಬಂಡೆಯನ್ನೇ ಕುದಿಯುವ ನೀರಿಗೆ ಹಾಕಿ ಹೊಸದಾಗಿ ಶುರು ಮಾಡುತ್ತೇನೆ ಅಂದ. ಆಗ ಮಾತ್ರ ನಾನು ಕೂಗಾಡಿದೆ. ಜೋವಾಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಭಯಂಕರ ವಿಷ ಇರಬಹುದು. ಕುದಿಸಿದರೆ ಆವಿಯಲ್ಲಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಬೇಕಾದೀತು. ಕತ್ತರಿಸುವಾಗಲೂ ಗ್ಲೌಸ್, ಕನ್ನಡಕ ಇಲ್ಲದೆ ಕೈ ಹಾಕಬೇಡಿ.

ಇನ್ನೊಂದು ಜಾತಿಯ ದೂರಿದೆ, ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ. ಬರೀ ನೀಲಿ ಲೈಟಿನಲ್ಲಿ ತೆಗೆದ ಫೋಟೋ ನೋಡಿ ದುಡ್ಡು ಕೊಡುವುದು, ಮನೆಗೆ ತಂದು ಬಿಳಿ ಲೈಟಿನಲ್ಲಿ ನೋಡಿ "ಬಣ್ಣ ಹೋಯ್ತು" ಅನ್ನುವುದು. ಅದು ಹೋಗಿಲ್ಲ ಸ್ವಾಮಿ, ಇರಲೇ ಇಲ್ಲ.

ಹಾಗಾಗಿ ಮೆಸೇಜ್ ಮಾಡುವವರು ಬಿಳಿ ಲೈಟಿನಲ್ಲಿ ತೆಗೆದ ಫೋಟೋ ಕಳಿಸಿ. ನೆರಳಿನಲ್ಲಿರುವ ಹವಳದ್ದೂ ಒಂದು ಇರಲಿ. ನೈಟ್ರೇಟ್, ಫಾಸ್ಫೇಟ್ ಎಷ್ಟಿದೆ, ಕಳೆದ ಎರಡು ತಿಂಗಳಲ್ಲಿ ಏನೇನು ಬದಲಿಸಿದಿರಿ ಅಂತ ಬರೆಯಿರಿ. ಬಾಟಲಿಯ ಹೆಸರು ಕೇಳಬೇಡಿ.

ನಮ್ಮ ಮನೆಯಲ್ಲಿ ಈಗ ಫೋಟೋ ತೆಗೆಯುವುದು ಅಮ್ಮ. ಪ್ರತಿ ಭಾನುವಾರ, ಅದೇ ಜಾಗದಲ್ಲಿ ನಿಂತು, ಬಿಳಿ ಲೈಟ್ ಹಾಕಿಸಿ. ನಮ್ಮ ಫ್ಯಾಮಿಲಿ ಗ್ರೂಪಿಗೆ ಅದು ಗುಡ್ ಮಾರ್ನಿಂಗ್ ಜೊತೆಗೇ ಬರುತ್ತದೆ. ಹಿಂಬದಿಯ ರೂಪಾಯಿ ನಾಣ್ಯ ಪೂರ್ತಿ ಕೆಂಪಾಗಿದೆ. ಮೇಲಿನ ದೊಡ್ಡದು ಎಡಗಡೆ ಇನ್ನೂ ಮೂಲಂಗಿಯೇ.