ಮೊದಲು ನಾಲಿಗೆಗೆ ಹದಿನೆಂಟು ತುಂಬಲಿ

ನಟ ಮಾರ್ಟಿನ್ ಕಾಂಪ್‌ಸ್ಟನ್ ಟೀವಿ ಸಂದರ್ಶನಕ್ಕೆ ಕೂತು ಬಾಯಿ ತೆರೆದರೆ ಸಾಕು, ಬ್ರಿಟನ್ನಿನ ಸೋಷಿಯಲ್ ಮೀಡಿಯಾದಲ್ಲಿ ಹಳೇ ರಾಗ ಶುರು: ಅಯ್ಯೋ, ಇವನು ಸ್ಕಾಟ್ಲೆಂಡಿನವನಾ? ಇನ್ನು ಕೆಲವರು, ಈ ಸ್ಕಾಟಿಷ್ ಆಕ್ಸೆಂಟ್ ಯಾಕೋ ನಕಲಿ ಅನ್ನಿಸ್ತಿದೆಯಲ್ಲ ಅಂತ ಮೂಗು ಮುರಿಯುತ್ತಾರೆ. ಆಸಾಮಿ ಹುಟ್ಟಿದ್ದು 1984ರಲ್ಲಿ, ಕ್ಲೈಡ್ ನದಿ ಕಡಲು ಸೇರುವ ಕಡೆಗಿರುವ ಗ್ರೀನಕ್‌ನಲ್ಲಿ. ಅವ್ವ ಕಲಿಸಿದ ಮಾತು ಈಗ ಓವರ್ ಆಕ್ಟಿಂಗ್.

ತಪ್ಪು ಅವನದೇ ಅನ್ನಿ. 2012ರಿಂದ 2021ರವರೆಗೆ, 'ಲೈನ್ ಆಫ್ ಡ್ಯೂಟಿ' ಎಂಬ ಪೊಲೀಸ್ ಧಾರಾವಾಹಿಯ ಆರು ಸೀಸನ್ ಉದ್ದಕ್ಕೂ, ಸ್ಟೀವ್ ಆರ್ನಟ್ ಎಂಬ ಪೊಲೀಸಪ್ಪನಾಗಿ ವೇಸ್ಟ್‌ಕೋಟಿನ ಜೊತೆಗೆ ಲಂಡನ್ ಇಂಗ್ಲಿಷನ್ನೂ ಗುಂಡಿ ಬಿಗಿದು ತೊಟ್ಟುಕೊಂಡ. ಬಾಸ್ ಹೇಸ್ಟಿಂಗ್ಸ್ ಆದ ಏಡ್ರಿಯನ್ ಡನ್‌ಬಾರ್ ತಮ್ಮ ಉತ್ತರ ಐರ್ಲೆಂಡಿನ ಧಾಟಿಯಲ್ಲೇ ಗದರಿದರು. ಸಹೋದ್ಯೋಗಿಯಾದ ವಿಕಿ ಮೆಕ್ಲೂರ್ ತನ್ನ ನಾಟಿಂಗ್‌ಹ್ಯಾಮ್ ಮಾತನ್ನೇ ಆಡಿದಳು. ಮೂವರಲ್ಲಿ ನಾಲಿಗೆ ಬಾಡಿಗೆಗೆ ತಂದವನು ಇವನೊಬ್ಬ.

ಬಾಡಿಗೆ ಕೊಟ್ಟರಾಯಿತು ಅಂದುಕೊಳ್ಳಬೇಡಿ, ರಿಪೇರಿ ಖರ್ಚೂ ಬಾಡಿಗೆದಾರನದೇ. ಗ್ರೀನಕ್‌ನಲ್ಲಿ 'ಕಾರ್' ಅಂದರೆ ಕೊನೆಯ 'ರ್' ಕಿವಿಗೆ ಬೀಳಲೇಬೇಕು, ಲಂಡನ್ನಿನಲ್ಲಿ ಅದನ್ನು ನುಂಗಬೇಕು. ಎಲ್ಲವನ್ನೂ ನುಂಗಿದರೆ ಮತ್ತೆ ಕೆಟ್ಟಿರಿ. ಮುಂದಿನ ಪದ ಸ್ವರದಿಂದ ಶುರುವಾದರೆ ನುಂಗಿದ 'ರ್' ಗಂಟಲಿಂದ ವಾಪಸ್ ಬರಬೇಕು. ನಕಲು ಮಾಡುವವರು ಸಿಕ್ಕಿಬೀಳುವುದೇ ಅಲ್ಲಿ. 'ಪುಲ್', 'ಪೂಲ್' ಎರಡೂ ಸ್ಕಾಟ್ಲೆಂಡಿನ ಬಾಯಲ್ಲಿ ಒಂದೇ ಸದ್ದು. ಲಂಡನ್ನಿಗೆ ಹೋದರೆ ಅವು ಅಣ್ಣತಮ್ಮಂದಿರ ಹಾಗೆ ಪಾಲಾಗುತ್ತವೆ. 'ಮೇಟ್' ಎಳೆದುಕೊಂಡು 'ಮೈಟ್' ಆಗುತ್ತದೆ. ಪುಣ್ಯಕ್ಕೆ 'ವಾಟರ್'ನ ನಡುವಿನ 'ಟ'ಕಾರವನ್ನು ಗಂಟಲಲ್ಲೇ ಹಿಸುಕುವ ಚಟ ಎರಡೂ ಕಡೆ ಇದೆ. ಅಷ್ಟು ಮಾತ್ರ ಹುಡುಗ ಊರಿಂದ ತಂದದ್ದನ್ನು ಹಾಗೇ ಬಳಸಿಕೊಳ್ಳಬಹುದಿತ್ತು. 2021ರ ಮೇ 2ರಂದು ಆರನೇ ಸೀಸನ್ನಿನ ಕೊನೆಯ ಕಂತನ್ನು ಸುಮಾರು 1 ಕೋಟಿ 28 ಲಕ್ಷ ಜನ ನೋಡಿದರು. ಲಂಡನ್ ಮಾತಿಗೆ ಅಷ್ಟು ದೊಡ್ಡ ಸಭೆ.

ಅವನದೇ ಮಾತಿಗೆ ಸಿಕ್ಕ ಮರ್ಯಾದೆ ಎಂಥದ್ದು? 2002ಕ್ಕೆ ಹೋಗಬೇಕು.

ಊರಿನ ಫುಟ್‌ಬಾಲ್ ಕ್ಲಬ್ ಗ್ರೀನಕ್ ಮಾರ್ಟನ್‌ಗೆ ಎರಡು ಮ್ಯಾಚ್ ಆಡಿದ ಹುಡುಗ. ನಟನೆಯ ಗಂಧಗಾಳಿ ಇಲ್ಲ. ಅವನನ್ನು ನಿರ್ದೇಶಕ ಕೆನ್ ಲೋಚ್ 'ಸ್ವೀಟ್ ಸಿಕ್ಸ್‌ಟೀನ್' ಸಿನಿಮಾಗೆ ಹೀರೋ ಮಾಡಿದರು. ಲೋಚ್ ಪದ್ಧತಿ ಗೊತ್ತಲ್ಲ, ಕಥೆಯ ಕ್ರಮದಲ್ಲೇ ಶೂಟಿಂಗ್, ನಟರಿಗೆ ಚಿತ್ರಕಥೆಯನ್ನು ಕಂತುಕಂತಾಗಿ ಕೊಡುವುದು. ನಾಳೆ ತನ್ನ ಪಾತ್ರಕ್ಕೆ ಏನು ಕಾದಿದೆ ಅಂತ ಹುಡುಗನಿಗೂ ಗೊತ್ತಿಲ್ಲ. ಜೈಲಿಂದ ಬರಲಿರುವ ಅಮ್ಮನಿಗೆ ಒಂದು ಕ್ಯಾರವಾನ್ ಮನೆ ಕೊಡಿಸಬೇಕು ಅಂತ ಹೆರಾಯಿನ್ ಮಾರಲು ಇಳಿಯುವ ಲಿಯಮ್‌ನ ಕಥೆ. ಕಾನ್ ಉತ್ಸವದಲ್ಲಿ ಅದನ್ನು ಬರೆದ ಪಾಲ್ ಲಾವರ್ಟಿಗೆ ಚಿತ್ರಕಥೆಯ ಪ್ರಶಸ್ತಿ ಬಂತು.

ಆಮೇಲೆ ಬ್ರಿಟಿಷ್ ಬೋರ್ಡ್ ಆಫ್ ಫಿಲ್ಮ್ ಕ್ಲಾಸಿಫಿಕೇಶನ್, ಅಂದರೆ ಅಲ್ಲಿನ ಸೆನ್ಸಾರ್ ಮಂಡಳಿ, ಕನ್ನಡಕ ಏರಿಸಿಕೊಂಡು ಕೂತಿತು. ಹೆರಾಯಿನ್ ಅಲ್ಲ, ಚಾಕು ಅಲ್ಲ, ತಲೆನೋವಾಗಿದ್ದು ಬೈಗುಳ. ಎಫ್ ಅಕ್ಷರದ ಪದ ಮಳೆಯ ಹಾಗೆ, ಸಿ ಅಕ್ಷರದ್ದು ಆಲಿಕಲ್ಲಿನ ಹಾಗೆ. ತಗೊಳ್ಳಿ, 18 ಸರ್ಟಿಫಿಕೇಟ್! ಹದಿನಾರರ ಬಗ್ಗೆ ಮಾಡಿದ ಸಿನಿಮಾ ಹದಿನಾರರವರು ನೋಡುವಂತಿಲ್ಲ. ಶೂಟಿಂಗ್ ಸಮಯದಲ್ಲಿ 17ರ ಹುಡುಗನಾಗಿದ್ದ ಹೀರೋ, ಬಿಡುಗಡೆಯ ಹೊತ್ತಿಗೆ ಹದಿನೆಂಟು ತುಂಬಿದ್ದರಿಂದ ತನ್ನ ಮುಖ ತಾನೇ ನೋಡಲು ಹೇಗೋ ಅರ್ಹನಾದ. ಅಮೆರಿಕದಲ್ಲಿ ಇದೇ ಚಿತ್ರಕ್ಕೆ 'ಆರ್' ರೇಟಿಂಗ್. ಅಪ್ಪ ಪಕ್ಕದಲ್ಲಿ ಕೂತರೆ ಹದಿನಾರರ ಮಗ ನೋಡಬಹುದು. ಜೊತೆಗೆ ಇಂಗ್ಲಿಷಿಗೆ ಇಂಗ್ಲಿಷ್ ಸಬ್‌ಟೈಟಲ್. ಬೈಗುಳ ಕಿವಿಗೆ ಬೀಳದಿದ್ದರೆ ಓದಿಕೊಳ್ಳುವ ಸೌಲಭ್ಯ.

ಮಂಡಳಿಯ ಕಾಳಜಿಯನ್ನು ಮೆಚ್ಚಲೇಬೇಕು. ಸ್ಕಾಟ್ಲೆಂಡಿನಲ್ಲಿ 16ಕ್ಕೆ ಅಪ್ಪ-ಅಮ್ಮನ ಒಪ್ಪಿಗೆ ಇಲ್ಲದೆ ಮದುವೆಯಾಗಬಹುದು, ಶಾಲೆ ಬಿಟ್ಟು ಕೆಲಸಕ್ಕೆ ಸೇರಬಹುದು. ಹಡಗುಕಟ್ಟೆಗಳು ಮುಚ್ಚಿಹೋದ ಊರಲ್ಲಿ ಕೆಲಸ ಎಲ್ಲಿದೆ ಅಂತ ಕೇಳಿದರೆ ಮಾತ್ರ ಯಾವ ಮಂಡಳಿಯೂ ಬಾಯಿ ಬಿಡುವುದಿಲ್ಲ. ಆ ಮಕ್ಕಳು ಹಾಗೇ ಮಾತಾಡುತ್ತಾರೆ ರೀ. ಬಸ್ ಸ್ಟಾಪಿನಲ್ಲಿ, ಮೈದಾನದಲ್ಲಿ, ಅಡುಗೆಮನೆಯಲ್ಲಿ. ದಿನವಿಡೀ ಕೇಳುವುದಕ್ಕೆ ವಯಸ್ಸಾಗಿದೆ, ಪರದೆ ಮೇಲೆ ಕೇಳುವುದಕ್ಕೆ ಆಗಿಲ್ಲವಂತೆ. ಸಾಕು ಮಾಡ್ರಪ್ಪ.

ಆರ್ನಟ್‌ನ ಧಾರಾವಾಹಿಯಲ್ಲಿ ಒಂದು ಪ್ರಸಿದ್ಧ ನಿಯಮ ಇದೆ. ವಿಚಾರಣೆಗೆ ಗಾಜಿನ ಕೋಣೆಗೆ ಕರೆತಂದ ಅಧಿಕಾರಿ, ರೆಕಾರ್ಡರ್ ಕಿವಿ ಚಿಟ್ಟು ಹಿಡಿಯುವಷ್ಟು ಹೊತ್ತು ಕೂಗಿ ಮುಗಿಸಿದ ಮೇಲೆ, ತನಗಿಂತ ಕನಿಷ್ಠ ಒಂದು ದರ್ಜೆ ಮೇಲಿನವರೇ ತನ್ನನ್ನು ಪ್ರಶ್ನಿಸಬೇಕು ಅಂತ ಹಕ್ಕು ಚಲಾಯಿಸಬಹುದು. ಹಾಗಾದರೆ ಈ ಮಂಡಳಿಗಿಂತ ಒಂದು ದರ್ಜೆ ಮೇಲಿನವರು ಯಾರು? ಮಂತ್ರಿಯಲ್ಲ, ರಾಜನೂ ಅಲ್ಲ. ಪುರಸಭೆ! ಚಿತ್ರಮಂದಿರಕ್ಕೆ ಲೈಸೆನ್ಸ್ ಕೊಡುವುದು ಸ್ಥಳೀಯ ಕೌನ್ಸಿಲ್ ಆದ್ದರಿಂದ, 1909ರ ಸಿನಿಮಾಟೋಗ್ರಾಫ್ ಕಾಯಿದೆಯ ಕಾಲದಿಂದಲೂ ಕೊನೆಯ ಮಾತು ಅದರದ್ದೇ. ಮಂಡಳಿಯ ಸರ್ಟಿಫಿಕೇಟ್ ಚಿತ್ರಮಂದಿರದ ಮಟ್ಟಿಗೆ ಬರೀ ಸಲಹೆ. ಆ ಕಾಯಿದೆ ಬಂದಿದ್ದೂ ಬೈಗುಳ ತಡೆಯಲು ಅಲ್ಲ. ಆಗಿನ ರೀಲು ನೈಟ್ರೇಟ್, ಕಿಡಿ ತಾಗಿದರೆ ಭಗ್ಗನೆ ಉರಿಯುವ ಮಾಲು. ಬೆಂಕಿ ಆರಿಸಲು ಕೊಟ್ಟ ಅಧಿಕಾರ ಬಾಯಿ ಮುಚ್ಚಿಸಲೂ ಒದಗಿತು, ಅಷ್ಟೇ.

ಗ್ರೀನಕ್ ಇರುವ ಇನ್ವರ್‌ಕ್ಲೈಡ್ ಕೌನ್ಸಿಲ್ ಆ ಅಧಿಕಾರ ಬಳಸಿ 18ನ್ನು 15ಕ್ಕೆ ಇಳಿಸಿತು. ಭೇಷ್. ಆದರೆ ಇನ್ವರ್‌ಕ್ಲೈಡ್‌ನ ತೀರ್ಮಾನ ಇನ್ವರ್‌ಕ್ಲೈಡ್‌ನ ಗಡಿಯೊಳಗೆ ಮಾತ್ರ. ಅದೂ ಪರದೆಗೆ ಮಾತ್ರ. ಡಿವಿಡಿ ಬಂದರೆ ಕೌನ್ಸಿಲ್‌ಗೆ ಕಿಮ್ಮತ್ತಿಲ್ಲ, ಅದಕ್ಕೆ 1984ರ ವಿಡಿಯೋ ರೆಕಾರ್ಡಿಂಗ್ಸ್ ಕಾಯಿದೆ. ಊರಿನ ಥಿಯೇಟರಿನಲ್ಲಿ ಕಾನೂನುಬದ್ಧವಾಗಿ ಸಿನಿಮಾ ನೋಡಿ ಬಂದ ಹದಿನಾರರ ಹುಡುಗನಿಗೆ ಪಕ್ಕದ ಬೀದಿಯ ಅಂಗಡಿಯವನು ಅದೇ ಸಿನಿಮಾದ ಡಿಸ್ಕ್ ಮಾರಿದರೆ ಅಪರಾಧ.

ಅಪರಾಧ ಅಂತ ಎಲ್ಲರೂ ನಂಬಿದ್ದರು. 2009ರ ಆಗಸ್ಟ್‌ನಲ್ಲಿ ಬಯಲಾಯಿತು: ಆ ಕಾಯಿದೆಯನ್ನು ಮಾಡಿದಾಗ ಯುರೋಪಿಯನ್ ಕಮಿಷನ್‌ಗೆ ತಿಳಿಸಬೇಕಿತ್ತು, ಯಾರೂ ತಿಳಿಸಿರಲಿಲ್ಲ. ಹಾಗಾಗಿ ಅದರಡಿ ಯಾರನ್ನೂ ಶಿಕ್ಷಿಸುವಂತಿರಲಿಲ್ಲ. 2010ರ ಜನವರಿಯಲ್ಲಿ ಅದನ್ನೇ ಮತ್ತೊಮ್ಮೆ ಗಡಿಬಿಡಿಯಲ್ಲಿ ಪಾಸು ಮಾಡಿಕೊಂಡರು. ಅಷ್ಟರಲ್ಲಿ ಗ್ರೀನಕ್‌ನ ಹುಡುಗನಿಗೆ 25 ತುಂಬಿತ್ತು, ಕಾಯಿದೆಗೂ.